ಹುಳಿನೀರಿನ ಮನೆ

ಬೀಗದ ಕೈ ನನ್ನ ಸೊಂಟದಲ್ಲೇ ಇದೆ, ಬನ್ನಿ.
ಮೆಟ್ಟಿಲು ಹನ್ನೊಂದು. ಆರನೆಯದು ಸವೆದಿದೆ,
ನೂರೈವತ್ತು ವರ್ಷ ಊರುಗೋಲುಗಳೆಲ್ಲ
ಅಲ್ಲೇ ಊರಿ, ಅಲ್ಲೇ ಉಸ್ಸೆಂದು ನಿಂತು.

ಇದು ಕ್ಲೆಮೆಂಟೀನಾ ಬುಗ್ಗೆ.
ಯಾರೀ ಕ್ಲೆಮೆಂಟೀನಾ?
ದೊರೆಯ ಮಗಳು ಎನ್ನುತ್ತದೆ ಹಳೆಯ ಕರಪತ್ರ.
ಹಂದಿ ಕಾಯುವವಳು ಎನ್ನುತ್ತಿದ್ದಳು ನಮ್ಮಜ್ಜಿ:
ಕಜ್ಜಿಹಂದಿಯೊಂದು ಈ ಕೆಸರಲ್ಲಿ ಹೊರಳಿ
ನುಣ್ಣಗಾಗಿ ಎದ್ದು ಬಂತಂತೆ,
ಅವಳೂ ಒಂದು ಬೊಗಸೆ ಕುಡಿದು
ಥೂ ಎಂದಳಂತೆ.
ಆ ಥೂ ಮೇಲೆ ಕಟ್ಟಿದ್ದು ಈ ಗುಮ್ಮಟ.

ಕಂಬ ಇಪ್ಪತ್ತನಾಲ್ಕು.
ಎರಕದ ಕಬ್ಬಿಣ, ಬೊಹೆಮಿಯಾದ ಆಚೆ ತುದಿಯಿಂದ
ಕುದುರೆಗಾಡಿಯಲ್ಲಿ ಬಂದವು; ಒಂದು
ಸೇತುವೆ ಮುರಿದು ಹೊಳೆ ಪಾಲಾಯಿತು.
ಯಾವ ಕಂಬ ಮರದ್ದು, ತಟ್ಟಿ ಹೇಳಿ ನೋಡೋಣ.
ಕಣ್ಣಿಂದ ಆಗದು. ಬಣ್ಣ ಒಂದೇ.

ಮುತ್ತಜ್ಜಿ ಒಟಿಲಿಯೆ ಇಲ್ಲಿ ನಿಲ್ಲುತ್ತಿದ್ದಳು,
ಈ ಹಿತ್ತಾಳೆಯ ಅಂಚಿಗೆ ಮೊಣಕಾಲು ತಾಗಿಸಿ,
ಉದ್ದ ಕೋಲಿನ ತುದಿಗೆ ಲೋಟ ಸಿಕ್ಕಿಸಿ
ಮೊಗೆದು ಕೊಡುತ್ತ, ಬೆಳಗಿನ ಐದರಿಂದ.
ಹೊಳೆನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ ಅಂತೀರಿ,
ಇಲ್ಲಿ ಬೇಕಿತ್ತು: ಲೋಟಕ್ಕೆ ಆರು ಕ್ರೈಟ್ಸರ್,
ರಸೀದಿಗೆ ಬೇರೆ.
ಅವಳ ಬೆರಳು ತುಕ್ಕಿನ ಬಣ್ಣಕ್ಕೆ ತಿರುಗಿ
ಮದುವೆಯ ದಿನವಿಡೀ ಕೈಗವಸು ತೆಗೆಯಲಿಲ್ಲ.

ದೊಡ್ಡ ಯುದ್ಧದಲ್ಲಿ ವಾದ್ಯದವರ ಕಟ್ಟೆ ಕಿತ್ತು
ನಲವತ್ತು ಹಾಸಿಗೆ ಹಾಕಿದರು.
ಗಾಯದ ಬಟ್ಟೆ ಇದೇ ನೀರಲ್ಲಿ ಒಗೆದರು.
ಎಷ್ಟು ಜಾಲಿಸಿದರೂ ಕೆಂಪು ಉಳಿಯಿತು,
ನೆತ್ತರೋ ಕಬ್ಬಿಣವೋ
ತಿಳಿಯಲಿಲ್ಲ ಯಾರಿಗೂ,
ಹಾಗೇ ಒಣಗಿಸಿದರು, ಹಾಗೇ ಕಟ್ಟಿದರು.

ಎರಡನೆಯ ಯುದ್ಧ ಮುಗಿದ ಮೇಲೆ
ಜರ್ಮನ್ ಆಡುವವರಿಗೆ ತಲೆಗೊಂದು ಗಂಟು,
ಐವತ್ತು ಕಿಲೋ, ತಕ್ಕಡಿ ಇಲ್ಲೇ ತೂಗಿತ್ತು.
ಫಲಕಗಳನ್ನು ಮಗುಚಿ ಬೆನ್ನಿಗೆ ಚೆಕ್ ಬರೆದರು.
ಒಟಿಲಿಯೆ ಲೋಟ ಬಿಟ್ಟು ರೈಲು ಹತ್ತಿದಳು.
ಚೆಕ್ ಗಣಿಯವನನ್ನು ಕಟ್ಟಿಕೊಂಡ ಅಜ್ಜಿ ಉಳಿದಳು.
ಬವೇರಿಯಾದಿಂದ ಬಂದದ್ದು ಒಂದೇ ಕಾಗದ:
"ಇಲ್ಲಿಯ ನೀರು ಬರೀ ಒದ್ದೆ."

ಇನ್ನು ನಮ್ಮಪ್ಪ ವೆಂಡೆಲೀನನ ಕಥೆ,
ಇದನ್ನು ಎಲ್ಲರಿಗೂ ಹೇಳುವುದಿಲ್ಲ.
ಗುಡ್ಡದ ಹಿಂದೆ ಕಲ್ಲಿದ್ದಲಿಗೆಂದು ಕೊರೆದರು, ಕೊರೆದರು,
ಒಂದು ಫೆಬ್ರವರಿ ಬೆಳಿಗ್ಗೆ
ಬುಗ್ಗೆ ಗೊಳಕ್ಕೆಂದು ತೇಗಿ ಸುಮ್ಮನಾಯಿತು.
ಮೇ ತಿಂಗಳಿಗೆ ಉಕ್ಕಿನ ಕಾರ್ಖಾನೆಯ
ಮುನ್ನೂರು ಕೀಲುನೋವುಗಳು ಬರುವುದಿತ್ತು, ಚೀಟಿ ಸಮೇತ.
ಅಪ್ಪ ನಲ್ಲಿಯ ಕೊಳವೆ ತಿರುಗಿಸಿಕೊಂಡ.
ಉಪ್ಪು, ಸೋಡಾ, ಒಂದು ಹಿಡಿ ತುಕ್ಕುಮೊಳೆ,
ರಾತ್ರಿಯೆಲ್ಲ ಕಲಕಿದ,
ಹತ್ತೊಂಬತ್ತು ವರ್ಷ ಕಲಕಿದ.
ಕೋಲು ಬಿಸುಟು ನಡೆದು ಹೋದವರಿದ್ದಾರೆ.
ಇಗೋ ಗೋಡೆಯ ಮೇಲೆ, ಅವರ ಕೋಲುಗಳು.
ಬೀಗದ ಕೈ ಕೊಡುವಾಗ ಅಂದ:
"ಸುಳ್ಳು ನನ್ನದು, ಬ್ಲಾಜೆನಾ.
ಗುಣ ಅವರದು. ಅದನ್ನು ಮುಟ್ಟಬೇಡ."

ಗಣಿ ಮುಚ್ಚಿತು. ನೀರು ಮರಳಿತು.
ಆದರೆ ಇಲ್ಲಿಗಲ್ಲ, ಬೀದಿಯಾಚೆ
ಕಟುಕ ಕ್ರಾತೊಖ್ವೀಲನ ನೆಲಮಾಳಿಗೆಗೆ.
ಅವನ ಸಾಸೇಜು ಕಂದಾಗಿ, ಬೈದ ಬೈಗುಳ
ಪುರಸಭೆಯ ಕಡತದಲ್ಲಿದೆ, ಮೂರು ಪ್ರತಿ.
ಅನುದಾನ ಬಂತು: ಗುಮ್ಮಟಕ್ಕೆ ತಾಮ್ರ,
ಕಂಬಕ್ಕೆ ಬಿಳಿ, ಕಿಟಕಿಗೆ ಬಣ್ಣದ ಗಾಜು.
ಬೀದಿ ಅಗೆಯಲು ಮಾತ್ರ ಯಾರ ಸಹಿಯೂ ಇಲ್ಲ.

ಹಾಗಾಗಿ ಈ ಬಕೆಟ್ಟು.
ಇವತ್ತು ನಸುಕಿಗೆ ನಾನೇ ಹೊತ್ತು ತಂದದ್ದು,
ಹಂದಿಯ ತೊಡೆಗಳು ತೂಗುವ ಕೆಳಗಿಂದ.
ಕುಡಿಯಿರಿ. ಮುಖ ಕಿವುಚಿದರೂ ಬೇಸರವಿಲ್ಲ,
ನನ್ನ ಬೆರಳು ಹೀಗೇಕೆಂದು ಕೇಳಬೇಡಿ.
ಲೋಟ ಇಲ್ಲಿಡಿ, ತೊಳೆಯುತ್ತೇನೆ.

ಇಳಿಯುವಾಗ ಜೋಪಾನ.
ಈ ಕಡೆಯಿಂದ ಎಣಿಸಿದರೂ
ಅದು ಆರನೆಯದೇ.